ಕೈಕೊಟ್ಟ ಬಿಡಿಭಾಗ: ಬಿಲ್ಲು ಯಾರ ಹೆಸರಿಗೆ?

ಸಕಲೇಶಪುರದ ನಮ್ಮ ಚಿಕ್ಕಪ್ಪ ಹೊಸ ಕಾರು ಕೊಂಡು ಹದಿನಾಲ್ಕು ತಿಂಗಳಾಗಿತ್ತು. ಓಡಿದ್ದು ಹತ್ತೊಂಬತ್ತು ಸಾವಿರ ಕಿಲೋಮೀಟರ್. ಮಳೆಗಾಲದ ಒಂದು ಬೆಳಿಗ್ಗೆ ಶಿರಾಡಿ ಘಾಟಿ ಹತ್ತುವಾಗ ಆಕ್ಸಿಲರೇಟರ್ ಒತ್ತಿದಷ್ಟೂ ಎಂಜಿನ್ ಕೂಗಿತು, ಗಾಡಿ ಮಾತ್ರ ಮುಂದಕ್ಕೆ ಹೋಗಲಿಲ್ಲ. ಕೊನೆಗೆ ಟೋಯಿಂಗ್ ಮಾಡಿಸಿ ಹಾಸನಕ್ಕೆ ತಂದರು. ಸರ್ವಿಸ್ ಸೆಂಟರಿನ ಅಡ್ವೈಸರ್ ಗಾಡಿಯನ್ನು ಒಂದು ಸುತ್ತು ಓಡಿಸಿ ನೋಡಿ ಹೇಳಿದರು: "ಕ್ಲಚ್ ಪ್ಲೇಟ್ ಹೋಗಿದೆ ಸರ್. ಅದು ವಾರಂಟಿಗೆ ಬರಲ್ಲ, ಸವೆಯೋ ಪಾರ್ಟು. ಘಾಟಿಯಲ್ಲಿ ಹಾಫ್ ಕ್ಲಚ್ ಹಿಡಿದು ಓಡಿಸ್ತೀರಲ್ಲ, ಅದಕ್ಕೇ ಹೀಗಾಗಿರೋದು." ನಲವತ್ತು ವರ್ಷ ಅದೇ ಘಾಟಿಯಲ್ಲಿ ಜೀಪು ಓಡಿಸಿದ ಚಿಕ್ಕಪ್ಪ ಆ ಮಾತನ್ನು ನುಂಗಿಕೊಂಡು ಎಸ್ಟಿಮೇಟಿಗೆ ಸಹಿ ಹಾಕಿದರು. ಒಂದು ಕೆಲಸ ಮಾತ್ರ ಮರೆಯದೆ ಮಾಡಿದರು. ಬಿಚ್ಚಿದ ಹಳೆಯ ಪಾರ್ಟುಗಳನ್ನು ಕೇಳಿ ಪಡೆದು, ಗೋಣಿಚೀಲದಲ್ಲಿ ಕಟ್ಟಿಸಿಕೊಂಡು ಮನೆಗೆ ತಂದರು.

ಊರಿನ ಹಳೆಯ ಮೆಕ್ಯಾನಿಕ್ ಆ ಪ್ಲೇಟನ್ನು ಬೆಳಕಿಗೆ ಹಿಡಿದು ತಿರುಗಿಸಿದರು, ಬೆರಳಿನಿಂದ ಉಜ್ಜಿದರು, ಮೂಸಿದರು. ಬೆರಳಿಗೆ ಕಪ್ಪು ಜಿಡ್ಡು ಹತ್ತಿತ್ತು. "ಇದು ಸವೆದು ಹೋಗಿದ್ದಲ್ಲಣ್ಣ, ಎಣ್ಣೆ ಕುಡಿದು ಹೋಗಿದ್ದು. ಎಂಜಿನ್ ಹಿಂದಿನ ಆಯಿಲ್ ಸೀಲು ಸೋರ್ತಿದೆ. ಅದನ್ನ ಹಾಗೇ ಬಿಟ್ಟರೆ ಹೊಸ ಪ್ಲೇಟೂ ಹೀಗೇ ಹೋಗುತ್ತೆ." ಕ್ಲಚ್ ಪ್ಲೇಟು ವಾರಂಟಿಯ ಹೊರಗಿನ ಪಾರ್ಟು, ಆಯಿಲ್ ಸೀಲು ಒಳಗಿನದು. ಸೀಲಿನ ದೋಷದಿಂದ ಪ್ಲೇಟು ಹಾಳಾಗಿದ್ದರೆ ಎರಡರ ಖರ್ಚೂ ಕಂಪನಿಯದೇ ಆಗಬೇಕು. ಚಿಕ್ಕಪ್ಪ ಪ್ಲೇಟು ಹಿಡಿದು ಮರಳಿ ಹೋದರು. ಗೇರ್ ಬಾಕ್ಸ್ ಮತ್ತೆ ಇಳಿಯಿತು, ಸೋರುವ ಸೀಲು ಕಣ್ಣಿಗೆ ಕಂಡಿತು. ಎರಡು ತಿಂಗಳ ಪತ್ರವ್ಯವಹಾರದ ಮೇಲೆ ಕ್ಲಚ್ಚಿನ ಬೆಲೆ ವಾಪಸು ಬಂತು, ಮೊದಲ ಸಲದ ಲೇಬರ್ ಚಾರ್ಜ್ ಬರಲಿಲ್ಲ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುವ ಗಾದೆ ಇಂಥ ಸಂದರ್ಭಕ್ಕೇ ಹುಟ್ಟಿದಂತಿದೆ. ಬಾಳಬೇಕಾದಷ್ಟು ಕಾಲ ಬಾಳದೆ ಬಿಡಿಭಾಗವೊಂದು ಕೈಕೊಟ್ಟಾಗ ಅದರ ಬೆಲೆ ಯಾರು ತೆರಬೇಕು? ಮಾಲೀಕರೇ, ಡೀಲರೇ, ಕಾರು ತಯಾರಿಸಿದ ಕಂಪನಿಯೇ, ಆ ಕಂಪನಿಗೆ ಪಾರ್ಟು ಒದಗಿಸಿದ ಕಾರ್ಖಾನೆಯೇ, ವಿಮೆಯೇ? ಈ ಪ್ರಶ್ನೆಗೆ ನೂರು ವರ್ಷಕ್ಕೂ ಮೀರಿದ ಚರಿತ್ರೆಯಿದೆ, ದೇಶಕ್ಕೊಂದು ಉತ್ತರವಿದೆ. ಆ ಉತ್ತರಗಳನ್ನು ಒಂದೆಡೆ ಇಟ್ಟು ನೋಡುವುದು ಈ ಲೇಖನದ ಕೆಲಸ.

ವಾರಂಟಿ ಆಯಸ್ಸಲ್ಲ

ಮೊದಲು ಬಿಡಿಸಿಕೊಳ್ಳಬೇಕಾದ ಗೊಂದಲ ಇದು. ವಾರಂಟಿಯ ಅವಧಿಯೇ ಪಾರ್ಟಿನ ಆಯಸ್ಸು ಎಂದು ನಾವು ಅರಿವಿಲ್ಲದೆ ಒಪ್ಪಿಕೊಂಡಿದ್ದೇವೆ. ಮೂರು ವರ್ಷ ಅಥವಾ ಒಂದು ಲಕ್ಷ ಕಿಲೋಮೀಟರ್, ಯಾವುದು ಮೊದಲೋ ಅದು ಎಂದು ಪುಸ್ತಿಕೆಯಲ್ಲಿ ಅಚ್ಚಾಗಿದ್ದರೆ, ಅದು ಮಾರಾಟದ ಒಂದು ಕರಾರು ಮಾತ್ರ. ಗೇರ್ ಬಾಕ್ಸಿನೊಳಗಿನ ಬೇರಿಂಗು ಮೂರೇ ವರ್ಷ ಬಾಳಲೆಂದು ಯಾವ ಎಂಜಿನಿಯರೂ ವಿನ್ಯಾಸ ಮಾಡುವುದಿಲ್ಲ. ಕಾರಿನ ಬಹುತೇಕ ಯಂತ್ರಭಾಗಗಳು ಹತ್ತು ಹನ್ನೆರಡು ವರ್ಷ ಓಡಬೇಕೆಂದೇ ಕೊಳ್ಳುವವರೂ ಎಣಿಸುತ್ತಾರೆ, ಮಾರುವವರೂ ಹಾಗೆಂದೇ ಮಾರುತ್ತಾರೆ.

ವಾರಂಟಿ ಪುಸ್ತಿಕೆ ಪಾರ್ಟುಗಳನ್ನು ಮೂರು ಗುಂಪಾಗಿ ನೋಡುತ್ತದೆ. ಎಂಜಿನ್, ಗೇರ್ ಬಾಕ್ಸ್, ಸ್ಟೀರಿಂಗ್, ವೈರಿಂಗ್ ಮೊದಲಾದವುಗಳಿಗೆ ಪೂರ್ತಿ ರಕ್ಷಣೆ. ಬ್ರೇಕ್ ಪ್ಯಾಡ್, ಕ್ಲಚ್ ಪ್ಲೇಟ್, ವೈಪರ್ ರಬ್ಬರ್, ಫಿಲ್ಟರ್, ಬಲ್ಬು ಮುಂತಾದ ಸವೆಯುವ ವಸ್ತುಗಳಿಗೆ ರಕ್ಷಣೆ ಇಲ್ಲ, ಇದ್ದರೂ ಅಲ್ಪಾವಧಿಯದು. ಟೈರು ಮತ್ತು ಬ್ಯಾಟರಿಯ ಹೊಣೆ ಸಾಮಾನ್ಯವಾಗಿ ಅವುಗಳನ್ನು ತಯಾರಿಸಿದವರದು. ಜಗಳ ಹುಟ್ಟುವುದು ಎರಡನೆಯ ಗುಂಪಿನಲ್ಲಿ. ಸವೆಯುವ ಪಾರ್ಟು ಸವೆದು ಹೋದರೆ ಮಾಲೀಕರು ತೆರುವುದು ನ್ಯಾಯ. ಅದೇ ಪಾರ್ಟು ಸವೆಯದೆ ಮುರಿದರೆ, ಸುಟ್ಟರೆ, ಬೇರೊಂದು ಪಾರ್ಟಿನ ತಪ್ಪಿನಿಂದ ಹಾಳಾದರೆ? "ಸವೆತ" ಎಂಬ ಪದ ಇಷ್ಟನ್ನೂ ಮುಚ್ಚಿಬಿಡುತ್ತದೆ.

ಮುರಿದ ಪಾರ್ಟು ಹೇಳುವ ಮಾತು

ಹಾಳಾದ ಪಾರ್ಟು ಮೂಕವಲ್ಲ, ಓದಬಲ್ಲವರಿಗೆ ಅದು ತನ್ನ ಕಥೆ ಹೇಳುತ್ತದೆ. ಕ್ಲಚ್ಚನ್ನೇ ನೋಡಿ. ಹಾಫ್ ಕ್ಲಚ್ಚಿನಲ್ಲಿ ಕಾದು ಹೋಗಿದ್ದರೆ ಪ್ಲೇಟಿನ ಲೈನಿಂಗ್ ಸುಟ್ಟ ವಾಸನೆ ಬರುತ್ತದೆ, ಪ್ರೆಷರ್ ಪ್ಲೇಟಿನ ಮೇಲೆ ನೀಲಿಗಟ್ಟಿದ ಕಲೆಗಳೂ ಕೂದಲೆಳೆಯಷ್ಟು ಸಣ್ಣ ಬಿರುಕುಗಳೂ ಕಾಣುತ್ತವೆ. ಇಲ್ಲಿ ಬೆರಳು ಚಾಲಕರ ಕಡೆಗೇ ತೋರುತ್ತದೆ. ಲೈನಿಂಗ್ ಇನ್ನೂ ದಪ್ಪವಾಗಿದ್ದು ಎಣ್ಣೆಯಲ್ಲಿ ನೆನೆದಿದ್ದರೆ ತಪ್ಪು ಸೀಲಿನದು. ಲೈನಿಂಗ್ ಚೆನ್ನಾಗಿದ್ದು ನಡುವಿನ ಸ್ಪ್ರಿಂಗುಗಳು ಮುರಿದಿದ್ದರೆ ಅಥವಾ ರಿವೆಟ್ ಕಿತ್ತಿದ್ದರೆ ತಯಾರಿಕೆಯ ಮೇಲೆ ಅನುಮಾನ ಬಲವಾಗುತ್ತದೆ.

ಟರ್ಬೋ ಹೋದರೆ ಮೊದಲು ನೋಡಬೇಕಾದ್ದು ಎಂಜಿನ್ ಆಯಿಲ್ ಬದಲಿಸಿದ ದಾಖಲೆ. ಆಯಿಲ್ ಕೊಳೆಯಾಗಿ ದಾರಿ ಕಟ್ಟಿಕೊಂಡರೆ ಟರ್ಬೋದ ಬೇರಿಂಗು ಒಣಗಿ ಉಜ್ಜುತ್ತದೆ. ದಾಖಲೆ ಸರಿಯಾಗಿದ್ದರೆ ಪ್ರಶ್ನೆ ಪಾರ್ಟಿನ ಕಡೆಗೆ ತಿರುಗುತ್ತದೆ. ಟೈರಿನ ಒಂದೇ ಅಂಚು ಸವೆದಿದ್ದರೆ ಅಲೈನ್‌ಮೆಂಟ್ ತಪ್ಪಿದೆ, ನಡುಭಾಗ ಮಾತ್ರ ಸವೆದಿದ್ದರೆ ಗಾಳಿ ಹೆಚ್ಚಾಗಿತ್ತು. ಚಕ್ರದ ಬೇರಿಂಗಿನೊಳಗೆ ತುಕ್ಕು ಕಂಡರೆ ನೀರು ಹೊಕ್ಕಿದೆ. ಆ ನೀರು ಕೆರೆಯಂತಾದ ರಸ್ತೆಯಲ್ಲಿ ಗಾಡಿ ಇಳಿಸಿದ್ದರಿಂದ ಬಂತೋ, ಸೀಲು ಸರಿ ಕೂರದೆ ಬಂತೋ ಎಂಬುದು ಮುಂದಿನ ಪ್ರಶ್ನೆ. ಎಂಜಿನಿನ ಕನೆಕ್ಟಿಂಗ್ ರಾಡ್ ಬಾಗಿದ್ದರೆ ಸಿಲಿಂಡರಿಗೆ ನೀರು ನುಗ್ಗಿರುವ ಸಾಧ್ಯತೆ ದೊಡ್ಡದು. 2022ರ ಸೆಪ್ಟೆಂಬರಿನ ಮಳೆಗೆ ಬೆಂಗಳೂರಿನ ಹೊರವರ್ತುಲ ರಸ್ತೆಯ ಆಸುಪಾಸಿನ ಬಡಾವಣೆಗಳಲ್ಲಿ ಕಾರುಗಳು ಮುಳುಗಿ ನಿಂತಾಗ ಎಷ್ಟೋ ಮಾಲೀಕರು ಈ ಪಾಠವನ್ನು ದುಬಾರಿ ಬೆಲೆ ತೆತ್ತು ಕಲಿತರು.

ಹಾಗಾಗಿ ಯಾರು ತೆರಬೇಕು ಎಂದು ಕೇಳುವ ಮೊದಲು ಏಕೆ ಹಾಳಾಯಿತು ಎಂದು ಕೇಳಬೇಕು. ನಮ್ಮ ಸರ್ವಿಸ್ ಸೆಂಟರುಗಳಲ್ಲಿ ಈ ಕ್ರಮ ತಲೆಕೆಳಗಾಗಿದೆ. ತೆರುವವರು ಯಾರೆಂದು ಮೊದಲು ತೀರ್ಮಾನ, ಕಾರಣ ಆಮೇಲೆ.

ಕಾರು ಉದ್ಯಮಕ್ಕೆ ಸರಿಯಾದ ಕ್ರಮ ಗೊತ್ತಿಲ್ಲದೆ ಅಲ್ಲ. ವಾರಂಟಿಯಲ್ಲಿ ಬಿಚ್ಚಿದ ಪಾರ್ಟುಗಳು ಕಾರು ಕಂಪನಿಗೆ ಹೋಗುತ್ತವೆ, ಅಲ್ಲಿಂದ ಅವುಗಳನ್ನು ತಯಾರಿಸಿದ ಕಾರ್ಖಾನೆಯ ಮೇಜಿಗೆ ಬರುತ್ತವೆ. ಎರಡೂ ಕಡೆಯ ಎಂಜಿನಿಯರುಗಳು ಮಾದರಿಗಳನ್ನು ಪರೀಕ್ಷಿಸಿ, ತಪ್ಪು ವಿನ್ಯಾಸದ್ದೋ, ಪಾರ್ಟಿನದೋ, ಜೋಡಣೆಯದೋ ಎಂದು ನೋಡಿ ಖರ್ಚು ಹಂಚಿಕೊಳ್ಳುತ್ತಾರೆ. ಜರ್ಮನಿಯ ವಾಹನ ಉದ್ಯಮ ಸಂಘ ವಿಡಿಎ ಇಂಥ ಪರೀಕ್ಷೆಗೆಂದೇ ಕೈಪಿಡಿ ಪ್ರಕಟಿಸಿದೆ. ಕಾರಣ ಹುಡುಕಿ, ಪಾಲು ಹಾಕಿ, ಹಣ ತೆರುವ ಈ ಪದ್ಧತಿ ಉದ್ಯಮದೊಳಗೆ ಬಳಕೆಯಲ್ಲಿದೆ. ಅದು ಗ್ರಾಹಕರ ಹೊಸಿಲಿಗೆ ಬಂದು ನಿಂತುಬಿಡುತ್ತದೆ. ಇಬ್ಬರು ವ್ಯಾಪಾರಿಗಳ ನಡುವೆ ನ್ಯಾಯವೆನಿಸಿದ್ದು ವ್ಯಾಪಾರಿ ಮತ್ತು ಮಾಲೀಕರ ನಡುವೆ ಏಕೆ ಬೇಡ? ಈ ಲೇಖನದ ವಾದವೆಲ್ಲ ಈ ಒಂದು ಪ್ರಶ್ನೆಯಲ್ಲಿದೆ.

ಮರದ ಚಕ್ರದಿಂದ ಆರಂಭ

ನ್ಯಾಯಾಲಯಗಳು ಈ ಪ್ರಶ್ನೆಯನ್ನು ಮೊದಲು ಗಟ್ಟಿಯಾಗಿ ಎದುರಿಸಿದ್ದು ಅಮೆರಿಕದಲ್ಲಿ. ನ್ಯೂಯಾರ್ಕ್ ರಾಜ್ಯದ ಡೊನಾಲ್ಡ್ ಮ್ಯಾಕ್‌ಫರ್ಸನ್ ಎಂಬ ಕಲ್ಲುಕುಟಿಗ ಡೀಲರ್ ಮೂಲಕ ಬ್ಯೂಕ್ ಕಾರು ಕೊಂಡಿದ್ದರು. ಓಡುತ್ತಿರುವಾಗಲೇ ಅದರ ಮರದ ಚಕ್ರದ ಅರೆಕಾಲುಗಳು ಪುಡಿಯಾಗಿ ಅವರು ಗಾಯಗೊಂಡರು. ಬ್ಯೂಕ್ ಕಂಪನಿ ಎರಡು ಮಾತು ಹೇಳಿತು. ಚಕ್ರ ತಯಾರಿಸಿದ್ದು ನಾವಲ್ಲ, ಬೇರೆ ಕಾರ್ಖಾನೆ. ಈ ಗಿರಾಕಿಗೆ ಕಾರು ಮಾರಿದ್ದೂ ನಾವಲ್ಲ, ಡೀಲರು. 1916ರಲ್ಲಿ ನ್ಯಾಯಮೂರ್ತಿ ಬೆಂಜಮಿನ್ ಕಾರ್ಡೋಜೊ ಈ ಎರಡನ್ನೂ ಒಪ್ಪಲಿಲ್ಲ. ಪೂರ್ಣ ವಾಹನವನ್ನು ಮಾರುಕಟ್ಟೆಗೆ ಬಿಟ್ಟವರು ಅದರ ಭಾಗಗಳನ್ನು ಪರೀಕ್ಷಿಸುವ ಹೊಣೆಯಿಂದ ನುಣುಚಿಕೊಳ್ಳುವಂತಿಲ್ಲ, ನೇರ ಕರಾರು ಇಲ್ಲದಿದ್ದರೂ ಬಳಸುವವರಿಗೆ ಅವರು ಹೊಣೆ ಎಂಬುದು ತೀರ್ಪಿನ ಸಾರ.

ಮ್ಯಾಕ್‌ಫರ್ಸನ್ ಗೆದ್ದದ್ದು ಕಂಪನಿಯ ನಿರ್ಲಕ್ಷ್ಯ ಸಾಬೀತಾದ್ದರಿಂದ. ಅದನ್ನೂ ಸಾಬೀತು ಮಾಡಲಾಗದಿದ್ದರೆ? ಉತ್ತರ 1960ರಲ್ಲಿ ನ್ಯೂಜೆರ್ಸಿಯಿಂದ ಬಂತು. ಕ್ಲಾಸ್ ಹೆನಿಂಗ್‌ಸನ್ ಎಂಬುವರು 1955ರ ಮೇ ತಿಂಗಳಲ್ಲಿ ತಾಯಂದಿರ ದಿನದ ಉಡುಗೊರೆಯಾಗಿ ಪತ್ನಿಗೆ ಪ್ಲಿಮತ್ ಕಾರು ಕೊಡಿಸಿದರು. ಕೇವಲ 468 ಮೈಲು ಓಡಿದ ಕಾರು ಸ್ಟೀರಿಂಗ್ ಕೈಕೊಟ್ಟು ಗೋಡೆಗೆ ಬಡಿಯಿತು. ಮುಂಭಾಗ ಎಷ್ಟು ನುಜ್ಜಾಗಿತ್ತೆಂದರೆ ಯಾವ ಪಾರ್ಟು ಏಕೆ ಹಾಳಾಯಿತೆಂದು ಹೇಳುವುದೇ ಅಸಾಧ್ಯವಾಗಿತ್ತು. ಕರಾರಿನ ಹಿಂಬದಿಯ ಸಣ್ಣಕ್ಷರಗಳಲ್ಲಿ, 90 ದಿನ ಅಥವಾ 4000 ಮೈಲಿನೊಳಗೆ ದೋಷವಿರುವ ಪಾರ್ಟು ಬದಲಿಸಿಕೊಡುವುದಷ್ಟೇ ನಮ್ಮ ಹೊಣೆ ಎಂದಿತ್ತು. ನ್ಯಾಯಾಲಯ ಆ ಷರತ್ತನ್ನು ತಳ್ಳಿಹಾಕಿತು. ದೇಶದ ದೊಡ್ಡ ಕಂಪನಿಗಳೆಲ್ಲ ಒಂದೇ ನಮೂನೆಯ ವಾರಂಟಿ ಕೊಡುವಾಗ ಗ್ರಾಹಕರಿಗೆ ಚೌಕಾಸಿಯ ಶಕ್ತಿಯೇ ಇಲ್ಲ, ಹಾಗಿರುವಾಗ ಸಹಿ ಹಾಕಿದರೆಂಬ ಒಂದೇ ಕಾರಣಕ್ಕೆ ಅವರ ಹಕ್ಕು ಅಳಿಯದು ಎಂದಿತು. ಎಸ್ಟಿಮೇಟಿಗೂ ಡೆಲಿವರಿ ಕಾಗದಕ್ಕೂ ಓದದೆ ಸಹಿ ಹಾಕುವ ನಮಗೆ ಈ ಮಾತು ಇವತ್ತಿಗೂ ಹಳೆಯದಾಗಿಲ್ಲ.

ನಮ್ಮ ಕಾನೂನು ಎಲ್ಲಿದೆ

ಭಾರತದಲ್ಲಿ 1930ರ ಸರಕು ಮಾರಾಟ ಕಾಯಿದೆಯ 16ನೇ ಕಲಮು ಸರಕಿನ ಗುಣಮಟ್ಟ ಮತ್ತು ಉಪಯುಕ್ತತೆಯ ಬಗ್ಗೆ ಮಾರಾಟದಲ್ಲೇ ಅಡಗಿರುವ ಭರವಸೆಯನ್ನು ಗುರುತಿಸಿದೆ. 1986ರಲ್ಲಿ ಗ್ರಾಹಕ ರಕ್ಷಣಾ ಕಾಯಿದೆ ಬಂತು. ಅದರ ಜಾಗಕ್ಕೆ ಬಂದ 2019ರ ಕಾಯಿದೆ 2020ರ ಜುಲೈಯಿಂದ ಜಾರಿಯಲ್ಲಿದೆ. ದೋಷ ಸಾಬೀತಾದರೆ ದುರಸ್ತಿ, ಬದಲಿ, ಹಣ ವಾಪಸು, ಪರಿಹಾರ, ಇವುಗಳಲ್ಲಿ ತಕ್ಕದ್ದನ್ನು ಆದೇಶಿಸುವ ಅಧಿಕಾರ ಗ್ರಾಹಕ ಆಯೋಗಕ್ಕಿದೆ.

ಹೊಸ ಕಾಯಿದೆಯ 82ರಿಂದ 87ರವರೆಗಿನ ಕಲಮುಗಳು ಉತ್ಪನ್ನ ಹೊಣೆಗಾರಿಕೆಯನ್ನು ತಂದಿವೆ. ತಯಾರಿಕಾ ದೋಷ, ವಿನ್ಯಾಸದ ದೋಷ, ಬಳಕೆಯ ಸೂಚನೆಗಳ ಕೊರತೆ ಇವೆಲ್ಲಕ್ಕೂ ತಯಾರಕರು ಹೊಣೆ. ಇಲ್ಲಿ ಒಂದು ಸೂಕ್ಷ್ಮವಿದೆ. ಈ ಅಧ್ಯಾಯ ಹೇಳುವ "ಹಾನಿ"ಯಲ್ಲಿ ದೇಹಕ್ಕೆ, ಜೀವಕ್ಕೆ, ಬೇರೆ ಆಸ್ತಿಗೆ ಆದ ನಷ್ಟ ಸೇರುತ್ತದೆ. ಆ ವಸ್ತುವಿಗೇ ಆದ ಹಾನಿ ಸೇರುವುದಿಲ್ಲ. ಸ್ಟೀರಿಂಗ್ ಮುರಿದು ಕಾಲು ಮುರಿದರೆ ಉತ್ಪನ್ನ ಹೊಣೆಗಾರಿಕೆ. ಸ್ಟೀರಿಂಗ್ ಮಾತ್ರ ಮುರಿದರೆ ಅದು ದೋಷಯುಕ್ತ ಸರಕಿನ ಸಾಮಾನ್ಯ ದೂರು. ದೂರು ಬರೆಯುವಾಗ ಈ ವ್ಯತ್ಯಾಸ ಗೊತ್ತಿರಬೇಕು.

ಸುಪ್ರೀಂ ಕೋರ್ಟಿನ ತೀರ್ಪುಗಳನ್ನು ಸಾಲಾಗಿ ಓದಿದರೆ ಎರಡು ಎಳೆಗಳು ಕಾಣುತ್ತವೆ. ಒಂದು ಎಳೆ ಬಿಗಿಯಾದದ್ದು. 2006ರ ಮಾರುತಿ ಉದ್ಯೋಗ್ ಮತ್ತು ಸುಶೀಲ್ ಕುಮಾರ್ ಗಬ್ಗೋತ್ರಾ ಪ್ರಕರಣದಲ್ಲಿ, ವಾರಂಟಿ ಪಾರ್ಟು ಬದಲಿಸುವ ಮಾತು ಕೊಟ್ಟಿರುವಾಗ ಇಡೀ ಕಾರನ್ನೇ ಬದಲಿಸಲು ಹೇಳಲಾಗದು ಎಂದು ಕೋರ್ಟು ಹೇಳಿತು. 2010ರ ಸಿ.ಎನ್. ಅನಂತರಾಮ್ ಮತ್ತು ಫಿಯೆಟ್ ಪ್ರಕರಣದಲ್ಲಿ ಸ್ವತಂತ್ರ ತಾಂತ್ರಿಕ ತಜ್ಞರಿಂದ ಪರೀಕ್ಷೆ ಮಾಡಿಸಿ, ತಯಾರಿಕಾ ದೋಷ ಕಂಡುಬಂದರೆ ಹಣ ವಾಪಸು ಎಂಬ ದಾರಿ ಹಿಡಿಯಿತು. 2021ರ ಟಾಟಾ ಮೋಟರ್ಸ್ ಮತ್ತು ಆಂಟೋನಿಯೊ ಪಾವ್ಲೊ ವಾಜ್ ಪ್ರಕರಣದಲ್ಲಿ, ಹಳೆಯ ಮಾದರಿಯ ಓಡಿದ ಕಾರನ್ನು ಹೊಸದೆಂದು ಕೊಟ್ಟ ಡೀಲರ ತಪ್ಪಿಗೆ, ಅದು ತಯಾರಕರಿಗೆ ಗೊತ್ತಿತ್ತೆಂದು ಸಾಬೀತಾಗದ ಹೊರತು ಅವರನ್ನು ಹೊಣೆ ಮಾಡಲಾಗದು ಎಂದಿತು.

ಇನ್ನೊಂದು ಎಳೆ ಗ್ರಾಹಕರ ಕಡೆಗೆ ವಾಲುತ್ತದೆ. 2004ರ ಜೋಸ್ ಫಿಲಿಪ್ ಮಾಂಪಿಳ್ಳಿಲ್ ಪ್ರಕರಣದಲ್ಲಿ ದೋಷಯುಕ್ತ ಡೀಸೆಲ್ ಕಾರಿಗೆ ತಯಾರಕರು ಮತ್ತು ಡೀಲರು ಇಬ್ಬರನ್ನೂ ಹೊಣೆ ಮಾಡಲಾಯಿತು. 2022ರ ಏಪ್ರಿಲಿನಲ್ಲಿ ಬಂದ ಹುಂಡೈ ಮತ್ತು ಶೈಲೇಂದ್ರ ಭಟ್ನಾಗರ್ ತೀರ್ಪು ಇನ್ನೂ ಮುಖ್ಯವಾದದ್ದು. 2017ರಲ್ಲಿ ದೆಹಲಿ-ಪಾಣಿಪತ್ ಹೆದ್ದಾರಿಯಲ್ಲಿ ಅಪಘಾತವಾದಾಗ ಭಟ್ನಾಗರ್ ಅವರ ಕಾರಿನ ಏರ್‌ಬ್ಯಾಗ್ ತೆರೆದುಕೊಳ್ಳಲಿಲ್ಲ. ಡಿಕ್ಕಿಯ ಬಲ ಸಾಲದಾಗಿತ್ತು ಎಂಬುದು ಕಂಪನಿಯ ವಾದ. ವೇಗ, ಬಲದ ಭೌತಶಾಸ್ತ್ರವನ್ನು ಲೆಕ್ಕ ಹಾಕಿ ಕಾರು ಕೊಳ್ಳಬೇಕೆಂದು ಗ್ರಾಹಕರಿಂದ ನಿರೀಕ್ಷಿಸಲಾಗದು ಎಂಬುದು ಕೋರ್ಟಿನ ನಿಲುವು. ಏರ್‌ಬ್ಯಾಗ್ ಇದೆಯೆಂದು ನಂಬಿ ಕೊಂಡವರಿಗೆ ಅದು ಬೇಕಾದ ಹೊತ್ತಿನಲ್ಲಿ ಕೆಲಸ ಮಾಡದಿದ್ದರೆ, ಆ ಸಂಗತಿಯೇ ದೋಷಕ್ಕೆ ಸಾಕ್ಷಿ.

ರುಜುವಾತಿನ ಭಾರ ಯಾರ ಹೆಗಲಿಗೆ

ವಿವಾದದ ಗಂಟು ಇಲ್ಲಿದೆ. ನಮ್ಮಲ್ಲಿ ತಯಾರಿಕಾ ದೋಷವಿದೆಯೆಂದು ಸಾಬೀತು ಮಾಡಬೇಕಾದವರು ಸಾಮಾನ್ಯವಾಗಿ ದೂರುದಾರರು. ಪ್ರಯೋಗಾಲಯದ ಪರೀಕ್ಷೆ ಬೇಕೆನಿಸಿದರೆ ಗ್ರಾಹಕ ಆಯೋಗವು 2019ರ ಕಾಯಿದೆಯ 38ನೇ ಕಲಮಿನಂತೆ ವಸ್ತುವನ್ನು ಕಳುಹಿಸಿ 45 ದಿನದಲ್ಲಿ ವರದಿ ತರಿಸಬಹುದು, ಆದರೆ ಅದರ ಶುಲ್ಕ ಕಟ್ಟಬೇಕಾದವರೂ ದೂರುದಾರರೇ. ಹದಿನೈದು ಸಾವಿರ ರೂಪಾಯಿಯ ಪಾರ್ಟಿಗೆ ತಜ್ಞರನ್ನು ಹಿಡಿದು, ಶುಲ್ಕ ಕಟ್ಟಿ, ಗಾಡಿಯನ್ನು ತಿಂಗಳುಗಟ್ಟಲೆ ನಿಲ್ಲಿಸಿ ಹೋರಾಡುವವರು ಎಷ್ಟು ಮಂದಿ?

ಮಾಲೀಕರಿಗೆ ಗೊತ್ತಿರುವುದು ತಮ್ಮ ಒಂದು ಗಾಡಿ. ಅದೇ ತಿಂಗಳು, ಅದೇ ಲಾಟಿನ ಪಾರ್ಟು ಬೆಳಗಾವಿಯಲ್ಲಿ, ಕೊಯಮತ್ತೂರಿನಲ್ಲಿ, ಜೈಪುರದಲ್ಲಿ ಎಷ್ಟು ಗಾಡಿಗಳಲ್ಲಿ ಹಾಳಾಗಿದೆ ಎಂಬ ಲೆಕ್ಕ ಕಂಪನಿಯ ಕಂಪ್ಯೂಟರಿನಲ್ಲಿದೆ. ಕಾರಣ ಬಲ್ಲವರು ಒಬ್ಬರು, ಕಾರಣ ಸಾಬೀತು ಮಾಡಬೇಕಾದವರು ಇನ್ನೊಬ್ಬರು. ಈ ಏರುಪೇರನ್ನು ಬೇರೆ ದೇಶಗಳು ಕಾನೂನಿನಿಂದಲೇ ಸರಿಪಡಿಸಲು ನೋಡಿವೆ.

ಬ್ರಿಟನ್ನಿನ 2015ರ ಗ್ರಾಹಕ ಹಕ್ಕುಗಳ ಕಾಯಿದೆಯಂತೆ ಮೊದಲ 30 ದಿನದೊಳಗೆ ದೋಷ ಕಂಡರೆ ಕಾರನ್ನೇ ತಿರಸ್ಕರಿಸಬಹುದು. ಆರು ತಿಂಗಳೊಳಗೆ ಕಂಡ ದೋಷ ಮಾರಾಟದ ದಿನವೇ ಇತ್ತೆಂದು ಕಾನೂನು ಭಾವಿಸುತ್ತದೆ, ಇರಲಿಲ್ಲವೆಂದು ತೋರಿಸಬೇಕಾದವರು ಮಾರಿದವರು. ಬಾಳಿಕೆಯೂ ಗುಣಮಟ್ಟದ ಒಂದು ಅಂಗವೆಂದು ಆ ಕಾಯಿದೆ ಬಾಯಿಬಿಟ್ಟು ಹೇಳಿದೆ. ಯುರೋಪಿಯನ್ ಒಕ್ಕೂಟದಲ್ಲಿ ಮಾರಾಟಗಾರರ ಹೊಣೆ ಎರಡು ವರ್ಷ, ಅದರಲ್ಲಿ ಮೊದಲ ಒಂದು ವರ್ಷವಾದರೂ ರುಜುವಾತಿನ ಭಾರ ಅವರದೇ. ಅಮೆರಿಕದ ಕನೆಕ್ಟಿಕಟ್ ರಾಜ್ಯ 1982ರಲ್ಲಿ "ಲೆಮನ್ ಕಾನೂನು" ತಂದು, ನಾಲ್ಕು ಸಲ ದುರಸ್ತಿ ಮಾಡಿಯೂ ಸರಿಹೋಗದ ಅಥವಾ ಒಟ್ಟು 30 ದಿನ ಗ್ಯಾರೇಜಿನಲ್ಲೇ ಕೂತ ಹೊಸ ಕಾರಿಗೆ ಬದಲಿ ಅಥವಾ ಹಣ ಎಂಬ ಎಣಿಸಬಹುದಾದ ಅಳತೆ ಕೊಟ್ಟಿತು. ಉಳಿದ ರಾಜ್ಯಗಳೂ ಆ ಹಾದಿ ಹಿಡಿದವು. ಆಸ್ಟ್ರೇಲಿಯಾದ ಗ್ರಾಹಕ ಕಾನೂನು ಇನ್ನೂ ಮುಂದಿದೆ. ಅಲ್ಲಿ ಕಂಪನಿಯ ವಾರಂಟಿ ಮುಗಿದರೂ, ಆ ಬೆಲೆಯ ಸರಕು ಸಹಜವಾಗಿ ಎಷ್ಟು ಕಾಲ ಬಾಳಬೇಕೋ ಅಷ್ಟು ಕಾಲ ಕಾನೂನಿನ ಖಾತರಿ ಉಳಿಯುತ್ತದೆ. 2022ರಲ್ಲಿ ಅಲ್ಲಿನ ಫೆಡರಲ್ ಕೋರ್ಟ್ ಎರಡೂವರೆ ಲಕ್ಷಕ್ಕೂ ಹೆಚ್ಚು ಟೊಯೊಟಾ ಡೀಸೆಲ್ ವಾಹನಗಳ ಹೊಗೆಶೋಧಕ ವ್ಯವಸ್ಥೆ ದೋಷಯುಕ್ತವೆಂದು ತೀರ್ಮಾನಿಸಿತು. ಪರಿಹಾರದ ಮೊತ್ತದ ವಾದ ಅಲ್ಲಿನ ಹೈಕೋರ್ಟಿನವರೆಗೂ ಹೋಯಿತು.

ಹೊರಗೆ ಸರ್ವಿಸ್ ಮಾಡಿಸಿದರೆ

"ಹೊರಗಿನ ಗ್ಯಾರೇಜಿನಲ್ಲಿ ಕೈ ಹಾಕಿಸಿದ್ದೀರಿ, ವಾರಂಟಿ ಹೋಯಿತು" ಎಂಬುದು ನಾವೆಲ್ಲ ಕೇಳಿರುವ ಇನ್ನೊಂದು ಮಾತು. ಅಮೆರಿಕದ 1975ರ ಮ್ಯಾಗ್ನಸನ್-ಮಾಸ್ ಕಾಯಿದೆ ಇಂಥ ಕಟ್ಟುಪಾಡನ್ನು ನಿಷೇಧಿಸಿದೆ. ನಮ್ಮಲ್ಲಿ ಸ್ಪರ್ಧಾ ಆಯೋಗ 2014ರ ಆಗಸ್ಟಿನಲ್ಲಿ 14 ಕಾರು ಕಂಪನಿಗಳಿಗೆ ಒಟ್ಟು ₹2,544 ಕೋಟಿಗೂ ಹೆಚ್ಚು ದಂಡ ವಿಧಿಸಿದಾಗ ಹೇಳಿದ್ದೂ ಇದನ್ನೇ. ಬಿಡಿಭಾಗಗಳನ್ನೂ ತಾಂತ್ರಿಕ ಮಾಹಿತಿಯನ್ನೂ ಸ್ವತಂತ್ರ ಗ್ಯಾರೇಜುಗಳಿಗೆ ಸಿಗದಂತೆ ತಡೆಯುವುದು ತಪ್ಪು. ಹೊರಗೆ ಸರ್ವಿಸ್ ಮಾಡಿಸಿದ ಮಾತ್ರಕ್ಕೆ ಇಡೀ ವಾರಂಟಿ ರದ್ದು ಮಾಡುವುದೂ ತಪ್ಪು. ಹೊರಗಿನ ಕೆಟ್ಟ ಕೆಲಸದಿಂದ ಹಾಳಾದ ಭಾಗಕ್ಕಷ್ಟೇ ನಿರಾಕರಿಸಬಹುದು. ಆದೇಶದ ಮೇಲೆ ಮೇಲ್ಮನವಿಗಳು ನಡೆದವು. ಕಾರಣಕ್ಕೂ ಹಾನಿಗೂ ಸಂಬಂಧ ತೋರಿಸಬೇಕು ಎಂಬ ಅದರ ತತ್ವ ಮಾತ್ರ ಗಟ್ಟಿಯಾದದ್ದು.

ಇದರ ಇನ್ನೊಂದು ಮುಖವನ್ನೂ ಹೇಳಬೇಕು. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಬಿಡಿಭಾಗಗಳ ಪೇಟೆಯಲ್ಲಿ ಅಸಲಿಯ ಪಕ್ಕದಲ್ಲೇ ಡೂಪ್ಲಿಕೇಟ್ ಮಾಲೂ ಸಿಗುತ್ತದೆ. ಅಗ್ಗಕ್ಕೆ ಸಿಕ್ಕಿತೆಂದು ಬಿಲ್ಲಿಲ್ಲದೆ ಹಾಕಿಸಿದ ಪಾರ್ಟು ಕೈಕೊಟ್ಟರೆ ಕೇಳಲು ಯಾರೂ ಇರುವುದಿಲ್ಲ. ವೈರಿಂಗ್ ಕತ್ತರಿಸಿ ಹೆಚ್ಚುವರಿ ದೀಪ, ಹಾರ್ನು ಕೂರಿಸಿ, ಆಮೇಲೆ ಎಲೆಕ್ಟ್ರಿಕಲ್ ದೋಷಕ್ಕೆ ಕಂಪನಿಯನ್ನು ದೂರುವುದೂ ನ್ಯಾಯವಲ್ಲ. ಬದಲಾವಣೆ, ದುರ್ಬಳಕೆ ಆಗಿದ್ದರೆ ಹೊಣೆ ಇಲ್ಲ ಎಂದು 2019ರ ಕಾಯಿದೆಯೂ ಹೇಳುತ್ತದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂಬ ಗಾದೆ ಕಂಪನಿಗಳಿಗೆ ಮಾತ್ರ ಹೇಳಿದ್ದಲ್ಲ.

ರೀಕಾಲ್, ಗುಡ್‌ವಿಲ್, ವಿಮೆ

ದೋಷ ಸುರಕ್ಷತೆಗೆ ಸಂಬಂಧಿಸಿದ್ದರೆ ದಾರಿ ಬೇರೆ. ಮೋಟಾರು ವಾಹನ ಕಾಯಿದೆಗೆ 2019ರ ತಿದ್ದುಪಡಿ 110-ಎ ಕಲಮನ್ನು ಸೇರಿಸಿತು. 2021ರ ಏಪ್ರಿಲ್ 1ರಿಂದ ಜಾರಿಯಾದ ನಿಯಮಗಳಂತೆ ಏಳು ವರ್ಷದೊಳಗಿನ ವಾಹನಗಳನ್ನು ಸರ್ಕಾರ ಕಡ್ಡಾಯವಾಗಿ ವಾಪಸು ಕರೆಸಬಹುದು, ₹10 ಲಕ್ಷದಿಂದ ₹1 ಕೋಟಿವರೆಗೆ ದಂಡ ಹಾಕಬಹುದು. ಇಲ್ಲಿ ವಾರಂಟಿ ಮುಗಿದಿದೆಯೇ ಎಂಬ ಪ್ರಶ್ನೆಯೇ ಏಳುವುದಿಲ್ಲ. ಆದರೆ ಬೇಗ ಹಾಳಾಗುವ ಪಾರ್ಟುಗಳಲ್ಲಿ ಹೆಚ್ಚಿನವು ಜೀವಕ್ಕೆ ಅಪಾಯ ತರುವುದಿಲ್ಲ, ಜೇಬಿಗೆ ಮಾತ್ರ. ಅವು ರೀಕಾಲಿನ ವ್ಯಾಪ್ತಿಗೆ ಬರುವುದಿಲ್ಲ.

ಅಂಥ ಕಡೆ ಕಂಪನಿಗಳು "ಗುಡ್‌ವಿಲ್" ಎಂಬ ಒಳದಾರಿ ಇಟ್ಟುಕೊಂಡಿವೆ. ವಾರಂಟಿ ಮುಗಿದ ಸ್ವಲ್ಪ ದಿನಕ್ಕೇ ಪಾರ್ಟು ಹೋದರೆ ಅರ್ಧ ಬೆಲೆ ಬಿಡುವುದು, ಪಾರ್ಟು ಉಚಿತ ಕೊಟ್ಟು ಲೇಬರ್ ಮಾತ್ರ ತೆಗೆದುಕೊಳ್ಳುವುದು ಇತ್ಯಾದಿ. ಸಿಕ್ಕವರಿಗೆ ಇದು ಒಳ್ಳೆಯದೇ. ಆದರೆ ಗಟ್ಟಿಯಾಗಿ ಕೇಳಿದವರಿಗೆ, ಮೇಲಧಿಕಾರಿಗೆ ಪತ್ರ ಬರೆಯಬಲ್ಲವರಿಗೆ ಇದು ಸಿಗುತ್ತದೆ. ಸಂಕೋಚದಿಂದ ಸುಮ್ಮನೆ ಬಿಲ್ಲು ಕಟ್ಟಿದವರಿಗೆ ಸಿಗುವುದಿಲ್ಲ. ನ್ಯಾಯ ದಾಕ್ಷಿಣ್ಯವಾಗಬಾರದು.

ವಿಮೆಯಿಂದ ಇಲ್ಲಿ ಹೆಚ್ಚು ನಿರೀಕ್ಷಿಸುವಂತಿಲ್ಲ. ಸಾಮಾನ್ಯ ಪಾಲಿಸಿ ಅಪಘಾತ, ಬೆಂಕಿ, ಪ್ರವಾಹ, ಕಳವಿನ ನಷ್ಟ ಕೊಡುತ್ತದೆ. ಸವೆತ ಮತ್ತು ಯಾಂತ್ರಿಕ, ವಿದ್ಯುತ್ ವೈಫಲ್ಯವನ್ನು ಹೊರಗಿಡುತ್ತದೆ. ನೀರು ನುಗ್ಗಿ ಎಂಜಿನ್ ಹೋದರೆ ಪ್ರತ್ಯೇಕ ಎಂಜಿನ್ ರಕ್ಷಣೆಯ ಆಡ್-ಆನ್ ಇರಬೇಕು. ಆದರೂ ವಿಮಾ ಲೋಕದಿಂದ ಕಲಿಯಬೇಕಾದ ಒಂದು ಸಂಗತಿಯಿದೆ. ಅಪಘಾತದ ಕ್ಲೇಮಿನಲ್ಲಿ ಲೋಹದ ಪಾರ್ಟುಗಳಿಗೆ ಸವಕಳಿ ಕಳೆಯುವ ಪಟ್ಟಿ ಹೀಗಿದೆ: ಗಾಡಿಗೆ ಆರು ತಿಂಗಳು ತುಂಬುವವರೆಗೆ ಏನೂ ಕಳೆಯುವುದಿಲ್ಲ, ಒಂದು ವರ್ಷದವರೆಗೆ ಶೇ 5, ಎರಡರವರೆಗೆ ಶೇ 10, ಮೂರರವರೆಗೆ ಶೇ 15, ನಾಲ್ಕರವರೆಗೆ ಶೇ 25, ಐದರವರೆಗೆ ಶೇ 35, ಹತ್ತರವರೆಗೆ ಶೇ 40, ಆಮೇಲೆ ಶೇ 50. ಹತ್ತು ವರ್ಷ ದಾಟಿದ ಗಾಡಿಯ ಪಾರ್ಟಿಗೂ ಅರ್ಧ ಬೆಲೆ ಉಳಿದಿದೆ ಎಂದು ಈ ಲೆಕ್ಕ ಒಪ್ಪುತ್ತದೆ. ವಾರಂಟಿಯ ಲೆಕ್ಕವೋ, ಕೊನೆಯ ದಿನದ ಸಂಜೆಯವರೆಗೆ ನೂರಕ್ಕೆ ನೂರು, ಮರುದಿನ ಬೆಳಿಗ್ಗೆ ಸೊನ್ನೆ.

ಹೊಸ ಪ್ರಶ್ನೆಗಳು

ಈ ಹಳೆಯ ಜಗಳಕ್ಕೆ ಈಗ ಹೊಸ ಪಕ್ಷಗಾರರು ಸೇರಿದ್ದಾರೆ. ಎಲೆಕ್ಟ್ರಿಕ್ ಕಾರಿನ ಬ್ಯಾಟರಿಗೆ ಎಂಟು ವರ್ಷ ಅಥವಾ 1,60,000 ಕಿಲೋಮೀಟರ್ ವಾರಂಟಿ ಈಗ ಸಾಮಾನ್ಯ. ಆದರೆ ಬ್ಯಾಟರಿ ಒಂದೇ ದಿನ ಹೋಗುವುದಿಲ್ಲ, ದಿನದಿನಕ್ಕೂ ಸೊರಗುತ್ತದೆ. ಎಷ್ಟು ಸೊರಗಿದೆ ಎಂದು ಹೇಳುವ ಸಂಖ್ಯೆ ಕಂಪನಿಯ ಸಾಫ್ಟ್‌ವೇರಿನೊಳಗಿದೆ. ಮುರಿದ ಕ್ಲಚ್ ಪ್ಲೇಟನ್ನು ಹಳ್ಳಿಯ ಮೆಕ್ಯಾನಿಕ್ ಮೂಸಿ ನೋಡಬಲ್ಲರು, ಬ್ಯಾಟರಿಯ ಡೇಟಾವನ್ನು ಮೂಸಲಾಗದು. ಆ ದಾಖಲೆ ಮಾಲೀಕರಿಗೆ ಸಿಗುವ ಹಕ್ಕು ಇಲ್ಲದಿದ್ದರೆ ವಾರಂಟಿಯ ಮಾತು ಅರ್ಧ ಖಾಲಿ.

ಎರಡನೆಯದು ಇಂಧನ. ಶೇ 20 ಎಥನಾಲ್ ಬೆರೆಸಿದ ಪೆಟ್ರೋಲು 2023ರ ಫೆಬ್ರವರಿ 6ರಂದು ಬಿಡುಗಡೆಯಾದದ್ದು ಬೆಂಗಳೂರಿನ ಇಂಡಿಯಾ ಎನರ್ಜಿ ವೀಕ್ ಸಮಾರಂಭದಲ್ಲೇ. ಎಥನಾಲ್ ನೀರಿನಂಶವನ್ನು ಹೀರುವ ಗುಣದ್ದು. ಅದಕ್ಕೆಂದು ರೂಪಿಸದ ಹಳೆಯ ರಬ್ಬರ್ ಪೈಪು, ಗ್ಯಾಸ್ಕೆಟ್ಟುಗಳು ಬೇಗ ಸೊರಗಬಹುದೆಂಬ ಆತಂಕ ಹಳೆಯ ಗಾಡಿಗಳವರಿಗಿದೆ. ಬಂಕಿನಲ್ಲಿ ಬೇರೆ ಪೆಟ್ರೋಲು ಆರಿಸಿಕೊಳ್ಳುವ ಅವಕಾಶವಿಲ್ಲದಿರುವಾಗ, ಇಂಧನದಿಂದ ಪಾರ್ಟು ಹಾಳಾದರೆ ತಪ್ಪು ಇಂಧನ ಹಾಕಿದಿರೆಂದು ಮಾಲೀಕರನ್ನು ದೂರುವುದು ಹೇಗೆ? ನೀತಿ ಬದಲಿಸಿದವರೂ ಈ ಲೆಕ್ಕದಲ್ಲಿ ಪಾಲುದಾರರೇ.

ಗೋಡೆ ಬೇಡ, ಇಳಿಜಾರು ಬೇಕು

ಇಷ್ಟನ್ನೂ ನೋಡಿದ ಮೇಲೆ ನನ್ನ ತೀರ್ಮಾನ ಹೇಳುತ್ತೇನೆ. ಎಲ್ಲವನ್ನೂ ಕಂಪನಿಯೇ ತೆರಲಿ ಎನ್ನುವುದು ಪರಿಹಾರವಲ್ಲ. ಆ ಹಣ ಕೊನೆಗೆ ಕಾರಿನ ಬೆಲೆಗೇ ಸೇರುತ್ತದೆ, ಜತನದಿಂದ ಓಡಿಸುವವರು ಒರಟಾಗಿ ಓಡಿಸುವವರ ಖರ್ಚು ಹೊರಬೇಕಾಗುತ್ತದೆ. ಆ ಹೊರೆ ಪೀಣ್ಯದಂಥ ಕಡೆ ಪಾರ್ಟು ಮಾಡಿಕೊಡುವ ಸಣ್ಣ ಕಾರ್ಖಾನೆಯ ಮೇಲೂ ಬೀಳಬಹುದು. ಬೇಕಾಗಿರುವುದು ಮೂರು ನಿಯಮ.

ಮೊದಲನೆಯದು, ವಾರಂಟಿ ನಿರಾಕರಿಸುವವರು ಕಾರಣವನ್ನು ಬರಹದಲ್ಲಿ, ಫೋಟೋ ಸಹಿತ ಕೊಡಬೇಕು. "ಡ್ರೈವಿಂಗ್ ಸರಿ ಇಲ್ಲ" ಎಂಬ ಬಾಯಿಮಾತು ಸಾಲದು.

ಎರಡನೆಯದು, ಸಹಜ ಆಯಸ್ಸಿನ ಅರ್ಧವನ್ನೂ ಮುಟ್ಟದೆ ಪಾರ್ಟು ಹೋದರೆ ದೋಷ ಮೊದಲೇ ಇತ್ತೆಂದು ಕಾನೂನು ಭಾವಿಸಬೇಕು. ಅಲ್ಲವೆಂದು ತೋರಿಸುವ ಭಾರ, ತೋರಿಸಬಲ್ಲ ಶಕ್ತಿಯಿರುವ ತಯಾರಕರದಾಗಬೇಕು.

ಮೂರನೆಯದು, ವಾರಂಟಿಯ ಕೊನೆಯ ದಿನ ಗೋಡೆಯಾಗದೆ ಇಳಿಜಾರಾಗಬೇಕು. ಎಂಟು ವರ್ಷ ಬಾಳಬೇಕಾದ ಬೇರಿಂಗು ನಾಲ್ಕನೇ ವರ್ಷಕ್ಕೆ ದೋಷದಿಂದ ಹೋದರೆ ಮಾಲೀಕರು ಬಳಸಿದ ನಾಲ್ಕು ವರ್ಷದ ಪಾಲನ್ನು ತೆರಲಿ, ಉಳಿದ ನಾಲ್ಕರ ಪಾಲನ್ನು ಕಂಪನಿ ತೆರಲಿ. ಕಾರಿನ ಬ್ಯಾಟರಿ ತಯಾರಕರು ಉಚಿತ ಬದಲಿಯ ಅವಧಿ ಮುಗಿದ ಮೇಲೆ ಪ್ರೊ-ರೇಟಾ ಲೆಕ್ಕದಲ್ಲಿ ರಿಯಾಯಿತಿ ಕೊಡುವುದು ಇದೇ ರೀತಿ. ಬ್ಯಾಟರಿಗೆ ಆಗುವುದು ಗೇರ್ ಬಾಕ್ಸಿಗೆ ಏಕೆ ಆಗದು?

ಕಾನೂನು ಬದಲಾಗುವವರೆಗೆ ನಮ್ಮ ಕೈಯಲ್ಲಿರುವುದನ್ನು ನಾವು ಮಾಡೋಣ. ಪ್ರತಿ ಸರ್ವಿಸಿನ ಜಾಬ್ ಕಾರ್ಡನ್ನೂ ಬಿಲ್ಲನ್ನೂ ಜೋಪಾನ ಮಾಡಿ. ತೊಂದರೆ ಕಂಡ ದಿನವೇ ಕಿಲೋಮೀಟರ್ ಸಹಿತ ಬರೆದು ಇಮೇಲ್ ಕಳಿಸಿ, ವಾರಂಟಿಯೊಳಗೆ ದೂರು ದಾಖಲಾಗಿದ್ದರೆ ಅದು ಮುಗಿದ ಮೇಲೂ ಕೇಳುವ ಬಲವಿರುತ್ತದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಅದಕ್ಕೂ ಬಗ್ಗದಿದ್ದರೆ ತಯಾರಕರು, ಡೀಲರು ಇಬ್ಬರನ್ನೂ ಎದುರುದಾರರನ್ನಾಗಿ ಮಾಡಿ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಿ. ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು, ವಕೀಲರು ಕಡ್ಡಾಯವಲ್ಲ, ಕಾರಿಗೆ ಕೊಟ್ಟ ಬೆಲೆ ₹5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ಕಾಲಮಿತಿ ಎರಡು ವರ್ಷ. ಸ್ವಂತ ದುಡಿಮೆಯ ಜೀವನೋಪಾಯಕ್ಕಾಗಿ ಟ್ಯಾಕ್ಸಿ ಓಡಿಸುವವರೂ ಕಾನೂನಿನ ಕಣ್ಣಿನಲ್ಲಿ ಗ್ರಾಹಕರೇ.

ಎಲ್ಲಕ್ಕಿಂತ ಮೊದಲು, ಪಾರ್ಟು ಬಿಚ್ಚುವಾಗ ಪಕ್ಕದಲ್ಲಿ ನಿಲ್ಲಿ. ಫೋಟೋ ತೆಗೆಯಿರಿ. ನೀವು ಹಣ ಕೊಟ್ಟು ಬದಲಿಸಿದ ಪಾರ್ಟಿನ ಹಳೆಯದು ನಿಮ್ಮದೇ, ಅದನ್ನು ಕೇಳಿ ಮನೆಗೆ ತನ್ನಿ. ಅದು ಗುಜರಿಗೆ ಸೇರಿದ ದಿನ ನಿಮ್ಮ ಸಾಕ್ಷಿಯೂ ಗುಜರಿಗೆ ಸೇರುತ್ತದೆ.